ಕೊಡಗಿಯಿಂದ ಸಹಾಯಧನದ ವರೆಗೆ: ಹಣ್ಣಿನ ತೋಟಕ್ಕೆ ಸರಕಾರದ ನೆರವು

ಮುಂಬಯಿಯ ಫೋರ್ಟ್ ವಿಭಾಗದಲ್ಲಿ ಬೆಳೆ ತೆಗೆಯುವ ಹೊಲ ಒಂದೂ ಇಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೀಯರನ ಕಾಲಕ್ಕೆ ಕೋಟೆಯ ಗೋಡೆಗಳು ಉರುಳಿದ ಮೇಲೆ ಅಲ್ಲಿ ತಲೆಯೆತ್ತಿದುವು ಕಚೇರಿಗಳು, ಬ್ಯಾಂಕುಗಳು, ನ್ಯಾಯಾಲಯಗಳು. ಆದರೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ತೋಟಿಗನ ಅದೃಷ್ಟವನ್ನು ಬಹುಕಾಲ ನಿರ್ಣಯಿಸಿದುದು ಈ ಕಟ್ಟಡಗಳ ಒಳಗಿನ ಕಾಗದಪತ್ರಗಳೇ. 1956ರ ನವೆಂಬರ 1ರ ವರೆಗೆ ಈ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದುವು. ಬಾವಿ ತೋಡಲು ಸಾಲ ಬೇಕೆಂದು ಅಲ್ಲಿಯ ಒಕ್ಕಲಿಗನು ಮಾಮಲೇದಾರನ ಕಚೇರಿಗೆ ಕೊಟ್ಟ ಅರ್ಜಿಯ ಹಿಂದೆ ಇದ್ದ ನಿಯಮ ಫೋರ್ಟಿನಲ್ಲಿ ರೂಪುಗೊಂಡದ್ದಾಗಿತ್ತು.

ಫೋರ್ಟಿನ ಉತ್ತರದ ಅಂಚಿನಲ್ಲಿ, ಹಳೆಯ ಕೋಟೆಯ ಗೆರೆಯಾಚೆ, 1869ರಲ್ಲಿ ಕ್ರಾಫರ್ಡ್ ಮಾರ್ಕೆಟ್ ತೆರೆಯಿತು. ಅದರ ಬಾಗಿಲ ಮೇಲೆ ಲಾಕ್‌ವುಡ್ ಕಿಪ್ಲಿಂಗ್ ರೂಪಿಸಿದ ಉಬ್ಬುಚಿತ್ರಗಳಲ್ಲಿ ದುಡಿಯುತ್ತಿರುವ ಒಕ್ಕಲಿಗರಿದ್ದಾರೆ. ಮುಂದೆ ಆ ಪೇಟೆಗೆ ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರು ಬಂದಿತು. ಸಾಲ, ಕಂದಾಯ, ಕಾರಕೂನರ ಕೈಯಲ್ಲಿ ಒಕ್ಕಲಿಗನು ಪಡುವ ಪಾಡನ್ನು 1880ರ ದಶಕದಲ್ಲಿ ಒಂದು ಗ್ರಂಥವಾಗಿಯೇ ಬರೆದವರು ಅವರು. ಹೀಗೆ ಹಣ್ಣು ಮಾರುವ ಪೇಟೆಯೂ ಹಣ ಮಂಜೂರು ಮಾಡುವ ಕಚೇರಿಯೂ ಇಲ್ಲಿ ನೆರೆಹೊರೆಯಾಗಿದ್ದುವು. ಎರಡರ ನಡುವೆ ಇರಬೇಕಾದ ಸಂಬಂಧ ಯಾವುದು, ಅದು ಯಾವ ಯಾವ ರೂಪದಲ್ಲಿ ಏರ್ಪಟ್ಟಿತು, ಎಲ್ಲಿ ತಪ್ಪಿತು ಎಂಬುದನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

1. ತೋಟಕ್ಕೆ ನೆರವು ಏಕೆ ಬೇಕು?

ಜೋಳ ಬಿತ್ತಿದವನಿಗೆ ನಾಲ್ಕು ತಿಂಗಳಲ್ಲಿ ಫಲ ಕೈಸೇರುತ್ತದೆ. ಕಸಿ ಮಾವು ಲೆಕ್ಕಕ್ಕೆ ಬರುವಷ್ಟು ಕಾಯಿ ಬಿಡಲು ನಾಲ್ಕೈದು ವರ್ಷ, ತುಂಬು ಫಸಲಿಗೆ ಎಂಟು ಹತ್ತು ವರ್ಷ ಬೇಕು. ದಾಳಿಂಬೆ ಎರಡು ಮೂರು ವರ್ಷಗಳಲ್ಲಿ ಬರುತ್ತದೆ. ದ್ರಾಕ್ಷಿ ಅದಕ್ಕಿಂತ ಬೇಗ ಬರುವುದಾದರೂ ಕಂಬ, ತಂತಿ, ಚಪ್ಪರಗಳಿಗೆ ಮೊದಲ ದಿನವೇ ದೊಡ್ಡ ಮೊತ್ತವನ್ನು ಬೇಡುತ್ತದೆ. ಈ ಅವಧಿಯಲ್ಲಿ ಗಿಡಕ್ಕೆ ನೀರು, ಗೊಬ್ಬರ, ಕಾವಲುಗಳು ತಪ್ಪುವಂತಿಲ್ಲ; ಮನೆಯವರ ಊಟವೂ ತಪ್ಪುವಂತಿಲ್ಲ. ವರ್ಷಕ್ಕೊಮ್ಮೆ ತೀರಿಸಬೇಕಾದ ಬೆಳೆಸಾಲದ ಕಟ್ಟಳೆ ಇಲ್ಲಿ ಹೊಂದುವುದಿಲ್ಲ. ಸಾಲದ ಕಂತು ಮರದ ಹಣ್ಣಿಗಿಂತ ಮೊದಲು ಬಂದರೆ ಒಕ್ಕಲಿಗನು ಮರವನ್ನು ಕಡಿಯಬೇಕು, ಇಲ್ಲವೆ ಹೊಲವನ್ನು ಮಾರಬೇಕು.

ತರಕಾರಿಯ ಸ್ಥಿತಿ ಬೇರೆ. ಅದು ಎರಡು ಮೂರು ತಿಂಗಳ ಬೆಳೆ. ಅದಕ್ಕೆ ದೀರ್ಘಾವಧಿಯ ಹಣಕ್ಕಿಂತ ಕೈಗೆ ತಕ್ಷಣ ಬರುವ ಹಣವೂ ಕೊಯ್ದ ದಿನವೇ ಮಾಲು ಕೊಳ್ಳುವ ಪೇಟೆಯೂ ಮುಖ್ಯ. ಸಸಿ ಬೆಳೆಸುವ ನರ್ಸರಿಯದು ಮೂರನೆಯ ಬಗೆ. ಅದರ ಬಂಡವಾಳವೆಂದರೆ ತಾಯಿಗಿಡಗಳು. ಅದು ಮಾರುವುದು ನಂಬಿಕೆಯನ್ನು. ಕೊಂಡ ಸಸಿ ಹೇಳಿದ ಜಾತಿಯದೇ ಹೌದೋ ಅಲ್ಲವೋ ಎಂಬುದು ಕೊಂಡವನಿಗೆ ತಿಳಿಯುವುದು ಹಲವು ವರ್ಷಗಳ ಮೇಲೆ; ಆಗ ದೂರುವುದರಿಂದ ಪ್ರಯೋಜನವಿಲ್ಲ.

ಆದುದರಿಂದ ‘ತೋಟಗಾರಿಕೆಗೆ ಸಹಾಯ’ ಎಂಬ ಒಂದೇ ಶಬ್ದದಲ್ಲಿ ಮೂರು ಬೇರೆ ಬೇರೆ ಕೊರತೆಗಳು ಅಡಗಿವೆ: ಹಣ್ಣಿನ ತೋಟಕ್ಕೆ ಕಾಲದ ಕೊರತೆ, ತರಕಾರಿಗೆ ಪೇಟೆಯ ಕೊರತೆ, ನರ್ಸರಿಗೆ ಪ್ರಮಾಣದ ಕೊರತೆ. ಸರಕಾರದ ನೆರವು ಯಶಸ್ವಿಯಾದ ಕಡೆ ಈ ಭೇದವನ್ನು ಗುರುತಿಸಲಾಗಿತ್ತು. ವಿಫಲವಾದ ಕಡೆ ಗುರುತಿಸಿರಲಿಲ್ಲ.

2. ಕೊಡಗಿ

ಈ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಮತ್ತರು, ಕಮ್ಮಗಳ ಲೆಕ್ಕದಲ್ಲಿ ಗದ್ದೆ, ಬೆದ್ದಲೆ, ತೋಂಟ, ಹೂದೋಂಟಗಳನ್ನು ದಾನವಿತ್ತ ಸಂಗತಿ ಮತ್ತೆ ಮತ್ತೆ ಬರುತ್ತದೆ. ಅವುಗಳಲ್ಲಿ ಬಹುಪಾಲು ದೇವಾಲಯ, ಮಠ, ಬ್ರಾಹ್ಮಣರಿಗೆ ಕೊಟ್ಟ ದಾನಗಳು. ಅವನ್ನು ಇಂದಿನ ಸಹಾಯಧನದೊಡನೆ ಹೋಲಿಸುವುದು ಸಲ್ಲದು. ಆದರೆ ಕೆರೆಗೆ ಸಂಬಂಧಿಸಿದ ಒಂದು ಬಗೆಯ ಕೊಡುಗೆ ಇಲ್ಲಿ ವಿಚಾರಾರ್ಹವಾಗಿದೆ. ‘ಬಿತ್ತುವಟ್ಟ’, ‘ಕೆರೆಗೊಡಗಿ’, ‘ಕಟ್ಟುಗೊಡಗಿ’ ಎಂದು ಶಾಸನಗಳು ಹೇಳುವುದು ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಕಾಪಾಡುವವನಿಗೆ ಬಿಟ್ಟ ಭೂಮಿಯನ್ನು. ಆ ಭೂಮಿ ಸಾಮಾನ್ಯವಾಗಿ ಅದೇ ಕೆರೆಯ ಕೆಳಗೆ ಇರುತ್ತಿತ್ತು.

ಈ ಏರ್ಪಾಡಿನ ಜಾಣ್ಮೆ ಇರುವುದು ಇಲ್ಲಿಯೇ. ಕೆರೆ ಒಡೆದರೆ ಕೊಡಗಿಯ ಹೊಲವೂ ಒಣಗುತ್ತದೆ. ಕೊಟ್ಟ ನೆರವಿನ ಬೆಲೆ ಕಾಪಾಡಿದ ವಸ್ತುವಿನ ಆಯುಷ್ಯದೊಡನೆ ಗಂಟುಹಾಕಿಕೊಂಡಿತ್ತು. ಪರೀಕ್ಷೆಗೆಂದು ಬೇರೊಬ್ಬ ಅಧಿಕಾರಿ ಬರಬೇಕಾದುದಿರಲಿಲ್ಲ. ಕಟ್ಟುವುದಕ್ಕೆ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವುದು ಒಂದು ರೀತಿ. ಉಳಿಸಿಕೊಂಡು ಬರುವುದಕ್ಕೆ ಉದ್ದಕ್ಕೂ ಕೊಡುವುದು ಇನ್ನೊಂದು ರೀತಿ. ಮುಂದಿನ ಎಲ್ಲ ಯೋಜನೆಗಳನ್ನು ಈ ಎರಡು ರೀತಿಗಳ ಒರೆಗಲ್ಲಿಗೆ ಹಚ್ಚಿ ನೋಡಬಹುದು.

3. ತಗಾವಿ ಮತ್ತು ಸಹಕಾರ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಳಕೆಯಾಗುತ್ತ ಬಂದ ‘ತಗಾವಿ’ ಎಂಬ ಶಬ್ದ ಅರಬ್ಬಿ ಮೂಲದ್ದು. ‘ಬಲಗೊಳಿಸುವುದು’ ಎಂಬುದು ಅದರ ಮೂಲಾರ್ಥ. ಬ್ರಿಟಿಷ್ ಸರಕಾರ ಇದರ ಕಾನೂನನ್ನು ಗಟ್ಟಿಗೊಳಿಸಿದುದು ದಖ್ಖನದ ಒಕ್ಕಲಿಗರ ದಂಗೆಯ ಬಳಿಕ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ಸಾಹುಕಾರರ ಮನೆಗಳ ಮೇಲೆ ಬಿದ್ದು ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ದಖ್ಖನ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಆಮೇಲೆ 1883ರಲ್ಲಿ ಭೂಸುಧಾರಣಾ ಸಾಲದ ಕಾಯಿದೆ, 1884ರಲ್ಲಿ ಕೃಷಿಕರ ಸಾಲದ ಕಾಯಿದೆ. ಮೊದಲನೆಯದು ಬಾವಿ, ಒಡ್ಡು ಮುಂತಾದ ಸ್ಥಿರ ಸುಧಾರಣೆಗೆ. ಎರಡನೆಯದು ಬೀಜ, ಎತ್ತು ಮುಂತಾದ ಚಾಲ್ತಿ ವೆಚ್ಚಕ್ಕೆ. ದೀರ್ಘಾವಧಿ, ಅಲ್ಪಾವಧಿ ಎಂಬ ಭೇದವನ್ನು ಕಾಯಿದೆ ಆಗಲೇ ಗುರುತಿಸಿತ್ತೆಂಬುದು ಗಮನಾರ್ಹ. ಆದರೆ ತಗಾವಿಗೆ ಸರಕಾರವು ತೆಗೆದಿರಿಸಿದ ಹಣ ಸ್ವಲ್ಪ, ಕಾಗದಪತ್ರ ಬಹಳ. ಬರ ಬಂದಾಗ ಕೈ ಬಿಚ್ಚುತ್ತಿದ್ದ ಸರಕಾರ ಮಳೆ ಬಂದಾಗ ವಸೂಲಿಗೆ ನಿಲ್ಲುತ್ತಿತ್ತು.

ಎರಡನೆಯ ಹಾದಿ ಸಹಕಾರದ್ದು. ಇಲ್ಲಿ ಕನ್ನಡಿಗರ ಪಾಲು ಹಿರಿದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಅಡಿಯಲ್ಲಿ ಮೊದಲ ಸಂಘಗಳ ಸಾಲಿನಲ್ಲಿ ಅಗ್ರಸ್ಥಾನ ಪಡೆದುದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದ ಸಂಘ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಅದು 1905ರಲ್ಲಿ ನೋಂದಣಿಯಾಯಿತು. ಹಳ್ಳಿಯ ಸಂಘಕ್ಕೆ ನಗರದ ಹಣ ಹರಿಯಬೇಕಾದರೆ ನಡುವೆ ಒಂದು ಬ್ಯಾಂಕು ಬೇಕಾಗಿತ್ತು. ಸರ್ ವಿಠ್ಠಲದಾಸ ಠಾಕರಸಿ, ಲಲ್ಲೂಭಾಯಿ ಸಾಮಳದಾಸ ಇವರ ಪ್ರಯತ್ನದಿಂದ 1911ರಲ್ಲಿ ಮುಂಬಯಿಯಲ್ಲಿ ಅಂಥ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಅದೇ ಬೆಳೆದು ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕಾಗಿ ಫೋರ್ಟಿನಲ್ಲಿ ನೆಲೆಗೊಂಡಿತು. ವೈಕುಂಠಲಾಲ ಮೆಹತಾ ಅವರು ಅದರ ಆಡಳಿತದಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದರು. ಹತ್ತಿಯ ಗಿರಣಿಯ ಮಾಲಿಕನ ಠೇವು ಹಳ್ಳಿಯ ಒಕ್ಕಲಿಗನ ಬಾವಿಗೆ ತಲುಪಬಹುದೆಂಬ ಕಲ್ಪನೆಗೆ ಆ ಬ್ಯಾಂಕು ಕಟ್ಟಡದ ರೂಪ ಕೊಟ್ಟಿತು.

ಕಲ್ಪನೆ ಎಷ್ಟರ ಮಟ್ಟಿಗೆ ಕೈಗೂಡಿತೆಂಬುದಕ್ಕೆ ಉತ್ತರ ಬಂದುದು 1954ರಲ್ಲಿ. ರಿಜರ್ವ್ ಬ್ಯಾಂಕು ಹುಟ್ಟಿದ 1935ರಲ್ಲಿಯೇ ಅದರೊಳಗೆ ಕೃಷಿ ಪತ್ತಿನ ಇಲಾಖೆಯೊಂದು ಇತ್ತು. 1937ರಲ್ಲಿ ಬ್ಯಾಂಕಿನ ಕೇಂದ್ರ ಕಚೇರಿ ಕಲಕತ್ತೆಯಿಂದ ಮುಂಬಯಿಗೆ ಬಂದಿತು. ಆ ಬ್ಯಾಂಕು ನೇಮಿಸಿದ, ಎ. ಡಿ. ಗೋರವಾಲಾ ಅಧ್ಯಕ್ಷರಾಗಿದ್ದ ಸಮಿತಿ 1951-52ರ ಸ್ಥಿತಿಯನ್ನು ದೇಶದಾದ್ಯಂತ ಸಮೀಕ್ಷಿಸಿ ಕೊಟ್ಟ ಲೆಕ್ಕ ಹೀಗಿತ್ತು: ಒಕ್ಕಲಿಗನು ಎತ್ತಿದ ಸಾಲದಲ್ಲಿ ಸರಕಾರದ ಪಾಲು ಶೇಕಡಾ 3.3, ಸಹಕಾರಿ ಸಂಘಗಳ ಪಾಲು ಶೇಕಡಾ 3.1, ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 0.9. ಎಪ್ಪತ್ತು ವರ್ಷಗಳ ತಗಾವಿಯೂ ಐವತ್ತು ವರ್ಷಗಳ ಸಹಕಾರವೂ ಕೂಡಿ ನೂರಕ್ಕೆ ಏಳು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಹೆಚ್ಚಿನದೆಲ್ಲ ಸಾಹುಕಾರನದಾಗಿತ್ತು.

ಈ ವರದಿಯ ಫಲವಾಗಿ 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಯಿತು. 1956ರಲ್ಲಿ ರಿಜರ್ವ್ ಬ್ಯಾಂಕು ಹತ್ತು ಕೋಟಿ ರೂಪಾಯಿಗಳೊಡನೆ ಕೃಷಿಯ ದೀರ್ಘಾವಧಿ ನಿಧಿಯನ್ನು ತೆರೆಯಿತು. 1963ರ ಜುಲೈ 1ರಂದು ಮುಂಬಯಿಯಲ್ಲಿ ಕೃಷಿ ಪುನರ್ಧನ ನಿಗಮ ಕೆಲಸಕ್ಕೆ ತೊಡಗಿತು. ನೀರಾವರಿ, ಭೂಸುಧಾರಣೆ, ತೋಟದ ಬೆಳೆಗಳಂಥ ನಿಧಾನವಾಗಿ ಫಲಿಸುವ ಕಾರ್ಯಗಳಿಗೆ ಬ್ಯಾಂಕುಗಳು ಕೊಟ್ಟ ಸಾಲವನ್ನು ಹಿಂದಿನಿಂದ ತುಂಬಿಕೊಡುವುದು ಅದರ ಕೆಲಸ. ಮರ ಫಲ ಕೊಡುವ ವರೆಗೆ ಕಂತನ್ನು ತಡೆಹಿಡಿಯುವ ಸಾಲದ ಪದ್ಧತಿ ಇಂಥ ಸಂಸ್ಥೆಗಳಿಂದ ಬಲಗೊಂಡಿತು. 1982ರ ಜುಲೈ 12ರಂದು ಸ್ಥಾಪಿತವಾದ ನಬಾರ್ಡ್ ಈ ನಿಗಮವನ್ನು ತನ್ನೊಳಗೆ ಸೇರಿಸಿಕೊಂಡಿತು.

4. ಮೈಸೂರಿನ ಮಾರ್ಗ: ಹಣದ ಬದಲು ಸಸಿ

ಮುಂಬಯಿ ಸಾಲದ ದಾರಿಯಲ್ಲಿ ನಡೆಯುತ್ತಿದ್ದಾಗ ಮೈಸೂರು ಬೇರೊಂದು ದಾರಿ ಹಿಡಿದಿತ್ತು. 1908ರಿಂದ ಲಾಲಬಾಗಿನ ಹೊಣೆ ಹೊತ್ತ ಜರ್ಮನ್ ತಜ್ಞ ಕೃಂಬಿಗಲ್ಲರು ಅದನ್ನು ಬರಿಯ ವಿಹಾರದ ವನವಾಗಿ ಇಡದೆ ಗಿಡಬೀಜಗಳ ವಿತರಣಾ ಕೇಂದ್ರವಾಗಿಯೂ ಬೆಳೆಸಿದರು. ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿ ಬಂದ ಡಾ. ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ರಾಜ್ಯಕ್ಕೆಲ್ಲ ಹಬ್ಬಿಸಿದರು. 1963ರಲ್ಲಿ ತೋಟಗಾರಿಕೆ ಕೃಷಿ ಇಲಾಖೆಯಿಂದ ಬೇರ್ಪಟ್ಟು ಸ್ವತಂತ್ರ ಇಲಾಖೆಯಾಯಿತು. ತಾಲೂಕು ತಾಲೂಕುಗಳಲ್ಲಿ ತೋಟಗಾರಿಕಾ ಕ್ಷೇತ್ರಗಳೂ ನರ್ಸರಿಗಳೂ ಎದ್ದುವು. ಜಾತಿ ಖಚಿತವಾದ ಕಸಿ ಸಸಿಯನ್ನು ಸುಲಭ ಬೆಲೆಗೆ ರೈತನ ಕೈಗೆ ಕೊಡುವುದೇ ಅಲ್ಲಿ ಸರಕಾರದ ಮುಖ್ಯ ಅನುದಾನವಾಗಿತ್ತು.

ಪೇಟೆಯ ಕೊರತೆಯನ್ನೂ ಅವರು ಮರೆಯಲಿಲ್ಲ. 1959ರ ಸೆಪ್ಟೆಂಬರಿನಲ್ಲಿ ಅವರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. 1965ರಲ್ಲಿ ಅದು ಉಳಿದ ಹಣ್ಣು ತರಕಾರಿಗಳಿಗೂ ಕೈಚಾಚಿತು. ಬಳಿಕ ‘ಹಾಪ್‌ಕಾಮ್ಸ್’ ಎಂಬ ಹೆಸರಿನಿಂದ ಬೆಂಗಳೂರಿನ ಬೀದಿಬೀದಿಗೂ ಪರಿಚಿತವಾಯಿತು. ಸಸಿ, ಪ್ರಯೋಗಶಾಲೆ, ಮಾರಾಟ, ಬೆಳೆಗಾರರ ಸಂಘಟನೆ ಇವು ಕೂಡಿ ನಡೆಯಬೇಕೆಂಬುದು ಮರಿಗೌಡರ ನಿಲುವಿನ ತಿರುಳು. ಹಣ ಕೊಟ್ಟರೆ ಅದು ಮದುವೆಗೂ ಹೋಗಬಹುದು, ಔಷಧಕ್ಕೂ ಹೋಗಬಹುದು. ಸಸಿ ಕೊಟ್ಟರೆ ಅದು ಮಣ್ಣಿಗೇ ಹೋಗಬೇಕು. ಆದರೆ ಈ ಮಾರ್ಗಕ್ಕೂ ಒಂದು ಮಿತಿಯಿತ್ತು: ಸಸಿ ಕೊಟ್ಟ ಮಾತ್ರಕ್ಕೆ ಗುಂಡಿ ತೋಡುವ, ನೀರುಣಿಸುವ ವೆಚ್ಚ ತೀರುವುದಿಲ್ಲ. ಮಳೆಯ ಭರವಸೆಯಿಲ್ಲದ ಸೀಮೆಯಲ್ಲಿ ಸಸಿಗಿಂತ ಕೂಲಿಯೂ ನೀರೂ ದುಬಾರಿ.

5. ಮಹಾರಾಷ್ಟ್ರದ ಮಾರ್ಗ: ಕೂಲಿಯ ರೂಪದ ಅನುದಾನ

ಈ ಮಿತಿಗೆ ಉತ್ತರವಾಗಿ ಬಂದುದು ಮಹಾರಾಷ್ಟ್ರದ ಯೋಜನೆ. ಮುಂಬಯಿಯ ಕನ್ನಡಿಗನಿಗೆ ಇದು ಅವನರಿಯದೆಯೇ ಅತ್ಯಂತ ಹತ್ತಿರದ್ದು.

1972ರ ಭೀಕರ ಬರಗಾಲದಲ್ಲಿ ರಾಜ್ಯದಲ್ಲೆಲ್ಲ ಹಬ್ಬಿದ, ವಿ. ಸ. ಪಾಗೆಯವರ ಚಿಂತನೆಯಿಂದ ಮೂಡಿದ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾಯಿದೆಯ ಬಲ ಬಂದಿತು; 1979ರ ಜನವರಿ 26ರಿಂದ ಆ ಕಾಯಿದೆ ಜಾರಿಯಾಯಿತು. ಕೆಲಸ ಕೇಳಿದ ಹಳ್ಳಿಗನಿಗೆ ಕೆಲಸ ಕೊಡಬೇಕು. ಅದಕ್ಕೆ ಹಣ ಎಲ್ಲಿಂದ? 1975ರ ವೃತ್ತಿ ತೆರಿಗೆಯ ಕಾಯಿದೆ ಅದಕ್ಕೆ ಉತ್ತರ. ನಗರದ ಸಂಬಳಗಾರ, ವ್ಯಾಪಾರಿ, ವಕೀಲ, ವೈದ್ಯ ಇವರಿಂದ ಕೂಡಿಸಿದ ತೆರಿಗೆಯನ್ನು ಖಾತರಿ ನಿಧಿಗೆ ಸೇರಿಸಿ, ಅಷ್ಟೇ ಮೊತ್ತವನ್ನು ಸರಕಾರ ತನ್ನ ಕಡೆಯಿಂದ ಕೂಡಿಸುವ ಏರ್ಪಾಡು ಅದು. ಸಂವಿಧಾನದ 276ನೆಯ ಅನುಚ್ಛೇದ ಈ ತೆರಿಗೆಗೆ ವರ್ಷಕ್ಕೆ 250 ರೂಪಾಯಿಗಳ ಮಿತಿಯನ್ನು ಹಾಕಿತ್ತು. 1988ರ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ತಿಂಗಳಿಗೆ 200, ಫೆಬ್ರುವರಿಗೆ 300 ಎಂದು ಸಂಬಳದ ಚೀಟಿಯಲ್ಲಿ ಕಾಣಿಸಿಕೊಂಡ ಕಡಿತ ಇದೇ. ಫೋರ್ಟಿನ ಬ್ಯಾಂಕುಗಳಲ್ಲಿ, ವಿಮಾ ಕಚೇರಿಗಳಲ್ಲಿ ದುಡಿದ ಸಾವಿರಾರು ಕನ್ನಡಿಗ ಗುಮಾಸ್ತರ ಸಂಬಳದಿಂದಲೂ ಅದು ಮುರಿದುಹೋಗಿದೆ.

1990ರಲ್ಲಿ ಸರಕಾರವು ಈ ಖಾತರಿ ಯೋಜನೆಗೆ ಫಲೋದ್ಯಾನವನ್ನು ಜೋಡಿಸಿತು. ಅದುವರೆಗೆ ರಸ್ತೆ, ಕೆರೆ, ಒಡ್ಡುಗಳಂಥ ಸಾರ್ವಜನಿಕ ಕೆಲಸಕ್ಕೆ ಮೀಸಲಾಗಿದ್ದ ಕೂಲಿ ಈಗ ಒಕ್ಕಲಿಗನ ಸ್ವಂತ ಹೊಲದಲ್ಲಿ ಗುಂಡಿ ತೋಡುವುದಕ್ಕೂ ಗಿಡ ನೆಡುವುದಕ್ಕೂ ದೊರೆಯುವಂತಾಯಿತು. ಸಸಿ, ಗೊಬ್ಬರಗಳ ವೆಚ್ಚವೂ ಅನುದಾನದಲ್ಲಿ ಸೇರಿತು. ತನ್ನ ಹೊಲದಲ್ಲಿ ತಾನು ದುಡಿದುದಕ್ಕೆ ಸಣ್ಣ ರೈತನಿಗೆ ಕೂಲಿ ಸಿಕ್ಕುವುದೆಂದರೆ, ಮರ ಫಲ ಕೊಡುವ ಮುನ್ನಿನ ಹಸಿವಿನ ವರ್ಷಗಳಿಗೆ ಅನ್ನ ಸಿಕ್ಕಿತೆಂದೇ ಅರ್ಥ. ಕಾಲದ ಕೊರತೆಯನ್ನು ನೇರವಾಗಿ ಮುಟ್ಟಿದ ಮೊದಲ ದೊಡ್ಡ ಯೋಜನೆ ಇದೆನ್ನಬಹುದು. 1990ಕ್ಕೆ ಮೊದಲು ಎರಡೂವರೆ ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದ್ದ ರಾಜ್ಯದ ಹಣ್ಣಿನ ಬೆಳೆಯ ಕ್ಷೇತ್ರ ಮುಂದಿನ ಒಂದೂವರೆ ದಶಕದಲ್ಲಿ ಹತ್ತು ಲಕ್ಷವನ್ನು ಮೀರಿತು.

ಈ ಬೆಳವಣಿಗೆಯ ಒಂದು ಪಾಲು ಕನ್ನಡ ಮಾತಾಡುವ ಸೀಮೆಯಲ್ಲಿಯೇ ಆಯಿತು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಕ್ಕಲಕೋಟೆ, ಜತ್ತಗಳು 1948ರ ವರೆಗೆ ಸಂಸ್ಥಾನಗಳಾಗಿದ್ದುವು. ಮುಂಬಯಿಯ ತಗಾವಿಯ ನೇರ ಲಾಭವೂ ಅವಕ್ಕೆ ಇರಲಿಲ್ಲ. ಮಳೆನೆರಳಿನ ಈ ಒಣಭೂಮಿಯಲ್ಲಿ ದಾಳಿಂಬೆ, ದ್ರಾಕ್ಷಿ, ಬೋರೆಗಳು ಬೇರೂರಿದುವು. ಫೋರ್ಟಿನ ಕನ್ನಡಿಗನ ಸಂಬಳದಿಂದ ಕಡಿದ ಹಣದ ಒಂದು ಕಾಸು ಜತ್ತದ ಕನ್ನಡಿಗನ ಗುಂಡಿಗೆ ಬಿದ್ದಿರಬಹುದು. ಇಬ್ಬರಿಗೂ ಅದು ತಿಳಿದಿಲ್ಲ.

ಯೋಜನೆಗೆ ಬಂದ ಆಕ್ಷೇಪವನ್ನೂ ಹೇಳುವುದು ನ್ಯಾಯ. ಭೂಮಿಯಿಲ್ಲದವನಿಗೆಂದು ಹುಟ್ಟಿದ ಖಾತರಿಯ ನಿಧಿ ಭೂಮಿಯುಳ್ಳವನ ಆಸ್ತಿಯನ್ನು ಬೆಳೆಸಲು ತಿರುಗಿತೆಂಬುದು ಒಂದು. ನೆಟ್ಟ ಗಿಡಗಳ ಲೆಕ್ಕ ಒಂದು, ಬದುಕಿದ ಗಿಡಗಳ ಲೆಕ್ಕ ಇನ್ನೊಂದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಪೂರ್ಣ ಸಮಾಧಾನವಿಲ್ಲ. ಬೆಳೆದು ನಿಂತ ತೋಟವು ಕೊಯ್ಲು, ಸವರುವಿಕೆಗಳಿಗೆ ವರ್ಷವರ್ಷವೂ ಕೂಲಿಯನ್ನು ಹುಟ್ಟಿಸುತ್ತದೆಂಬ ಮಾತು ಅರ್ಧ ಸಮಾಧಾನ ಮಾತ್ರ. ಎರಡನೆಯದಕ್ಕೆ ಉತ್ತರ ನೀರಿನಲ್ಲಿದೆ. ಜತ್ತ ತಾಲೂಕಿನ ಕೆಲವು ಹಳ್ಳಿಗಳು ನೀರಿಲ್ಲವೆಂದು ಬೇಸತ್ತು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದುದೂ 2022ರಲ್ಲಿ ಅದು ಎರಡು ರಾಜ್ಯಗಳ ವಾಗ್ವಾದದಲ್ಲಿ ಮತ್ತೆ ಎದ್ದು ಬಂದುದೂ ಪತ್ರಿಕೆಗಳನ್ನೋದುವವರಿಗೆ ತಿಳಿದ ಸಂಗತಿ. ಗಡಿಯ ವಾದವನ್ನು ಬದಿಗಿಟ್ಟರೂ ಅದರ ಕೆಳಗಿರುವ ತೋಟಿಗನ ಮಾತು ಸ್ಪಷ್ಟ: ಸಸಿಗೆ ಅನುದಾನ ಬಂದಿತು, ನೀರು ಬರಲಿಲ್ಲ.

6. ಇಂದಿನ ಸಹಾಯಧನದ ಯಂತ್ರ

2005-06ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಆರಂಭಿಸಿತು. 2014-15ರಲ್ಲಿ ಅದು, 1984ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಮುಂತಾದವುಗಳ ಯೋಜನೆಗಳೊಡನೆ ಸಮಗ್ರ ತೋಟಗಾರಿಕಾ ಅಭಿವೃದ್ಧಿ ಮಿಷನ್ನಿನ ಒಳಗೆ ಸೇರಿತು. ವೆಚ್ಚದಲ್ಲಿ ಕೇಂದ್ರ ರಾಜ್ಯಗಳ ಪಾಲು ಮೊದಲು 85ಕ್ಕೆ 15 ಇದ್ದುದು 2015-16ರಿಂದ 60ಕ್ಕೆ 40 ಆಯಿತು. ರಾಜ್ಯ ತನ್ನ ನಲವತ್ತನ್ನು ತಡಮಾಡಿದರೆ ಕೇಂದ್ರದ ಅರವತ್ತೂ ತಡವಾಗುತ್ತದೆಂಬುದು ಇದರ ಪರಿಣಾಮ.

2014ರ ಮಾರ್ಗಸೂಚಿಯಂತೆ ಬಹುವಾರ್ಷಿಕ ಹಣ್ಣಿನ ತೋಟಕ್ಕೆ ಸಹಾಯಧನವು ಮೂರು ವರ್ಷ 60, 20, 20ರ ಕಂತುಗಳಲ್ಲಿ ಸಿಗುತ್ತಿತ್ತು. ಎರಡನೆಯ ವರ್ಷ ಶೇಕಡಾ 75, ಮೂರನೆಯ ವರ್ಷ ಶೇಕಡಾ 90 ಗಿಡಗಳು ಬದುಕಿರಬೇಕಾಗಿತ್ತು. ಒಬ್ಬನಿಗೆ ನಾಲ್ಕು ಹೆಕ್ಟೇರಿನ ಮಿತಿಯಿತ್ತು. ಮಹಾರಾಷ್ಟ್ರವು 2018ರಲ್ಲಿ ಭಾವುಸಾಹೇಬ ಫುಂಡಕರ ಹೆಸರಿನಲ್ಲಿ ತೆರೆದ ಯೋಜನೆ 50, 30, 20ರ ಕಂತುಗಳನ್ನಿಟ್ಟಿತು. ಬದುಕಿದ ಗಿಡವನ್ನು ಎಣಿಸಿ ಹಣ ಕೊಡುವ ಈ ನಿಯಮ ಕೊಡಗಿಯ ತತ್ತ್ವದ ದೂರದ ನೆಂಟ. ಆದರೆ ಕೊಡಗಿಯಲ್ಲಿ ಎಣಿಸುವವನು ಬೇರೆ ಇರಲಿಲ್ಲ, ಇಲ್ಲಿ ಇದ್ದಾನೆ. ಮತ್ತು ಇಲ್ಲಿ ಎಣಿಕೆ ಮೂರನೆಯ ವರ್ಷಕ್ಕೆ ಮುಗಿಯುತ್ತದೆ; ಮಾವಿನ ಮರ ಆಗಿನ್ನೂ ಲೆಕ್ಕಕ್ಕೆ ಬರುವಷ್ಟು ಕಾಯಿ ಬಿಟ್ಟಿರುವುದಿಲ್ಲ.

ದೊಡ್ಡ ಯೋಜನೆಗಳ ಬಗೆ ಬೇರೆ. ಅಲ್ಲಿ ಸಹಾಯಧನ ಬ್ಯಾಂಕಿನ ಸಾಲಕ್ಕೆ ಅಂಟಿಕೊಂಡಿದೆ, ಅದೂ ಸಾಲದ ಕೊನೆಯಲ್ಲಿ. ಇದು ಹಲವರಿಗೆ ಅರ್ಥವಾಗದ ವ್ಯವಸ್ಥೆಯಾದುದರಿಂದ ಒಂದು ಉದಾಹರಣೆಯಿಂದ ವಿವರಿಸಬಹುದು. ಹತ್ತು ಲಕ್ಷ ರೂಪಾಯಿಗಳ ತೋಟವೊಂದಕ್ಕೆ ಶೇಕಡಾ 40ರ ಸಹಾಯಧನ ಉಂಟೆಂದು ಭಾವಿಸೋಣ. ರೈತನು ಎರಡು ಲಕ್ಷ ತನ್ನ ಕೈಯಿಂದ ಹಾಕುತ್ತಾನೆ. ಬ್ಯಾಂಕು ಎಂಟು ಲಕ್ಷ ಸಾಲ ಕೊಡುತ್ತದೆ. ಸರಕಾರದ ನಾಲ್ಕು ಲಕ್ಷ ರೈತನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಅವನ ಹೆಸರಿನ ಮೀಸಲು ಖಾತೆಯೊಂದರಲ್ಲಿ ಕೂಡುತ್ತದೆ. ಆ ಮೊತ್ತಕ್ಕೆ ಬಡ್ಡಿ ಹುಟ್ಟದು. ಸಾಲದ ಅಷ್ಟೇ ಭಾಗಕ್ಕೆ ಬಡ್ಡಿ ಬೀಳದು. ರೈತನು ಉಳಿದ ನಾಲ್ಕು ಲಕ್ಷವನ್ನು ತೀರಿಸಿದ ಮೇಲೆ ಮೀಸಲಿನ ಹಣ ಕೊನೆಯ ಕಂತುಗಳಿಗೆ ಜಮೆಯಾಗುತ್ತದೆ. ಸಹಾಯಧನವನ್ನು ಪಡೆದು ತೋಟವನ್ನು ಬಿಟ್ಟುಹೋಗುವವನನ್ನು ತಡೆಯುವುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ.

ತೊಡಕು ಎಲ್ಲಿದೆ? ಸರಕಾರದ ಹಣ ಬಂದು ಖಾತೆಗೆ ಸೇರುವ ದಿನದ ವರೆಗೆ ಎಂಟು ಲಕ್ಷಕ್ಕೂ ಬಡ್ಡಿ ಓಡುತ್ತಿರುತ್ತದೆ. ವರ್ಷಕ್ಕೆ ಶೇಕಡಾ ಹತ್ತರ ದರವಿದ್ದರೆ ಆ ನಾಲ್ಕು ಲಕ್ಷದ ಮೇಲೆ ಆರು ತಿಂಗಳ ವಿಳಂಬದ ಬೆಲೆ ಇಪ್ಪತ್ತು ಸಾವಿರ ರೂಪಾಯಿ. ಕಡತವೊಂದು ಮೇಜಿನಿಂದ ಮೇಜಿಗೆ ಹೋಗಲು ತೆಗೆದುಕೊಂಡ ಕಾಲಕ್ಕೆ ಬಾಡಿಗೆ ತೆರುವವನು ಒಕ್ಕಲಿಗ. ಎರಡನೆಯ ತೊಡಕು ಇನ್ನೂ ಮೂಲಭೂತವಾದುದು. ಬ್ಯಾಂಕು ಸಾಲ ಕೊಡಲು ಸ್ಪಷ್ಟವಾದ ಹಕ್ಕುಪತ್ರ ಬೇಕು: ಕರ್ನಾಟಕದಲ್ಲಿ ಪಹಣಿ, ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರ. ಅಣ್ಣತಮ್ಮಂದಿರ ಪಾಲಾಗದ ಹೊಲ, ಗಂಡನ ಹೆಸರಿನಲ್ಲಿಯೇ ಉಳಿದಿರುವ ವಿಧವೆಯ ಹೊಲ, ಬಾಯಿಮಾತಿನ ಲಾವಣಿಯ ಹೊಲ ಇವುಗಳಲ್ಲಿ ದುಡಿಯುವವರು ಸಹಾಯಧನದ ಬಾಗಿಲಿಗೆ ಬರುವ ಮುನ್ನವೇ ಹಿಂತಿರುಗುತ್ತಾರೆ. ಸಾಲ ಪಡೆಯಬಲ್ಲವನಿಗೆ ಮಾತ್ರ ದಾನ ಎಂಬ ವಿಚಿತ್ರ ನ್ಯಾಯ ಹೀಗೆ ಏರ್ಪಡುತ್ತದೆ.

ಮೂರನೆಯದು ಭಾಷೆಯ ತೊಡಕು. ಮಹಾರಾಷ್ಟ್ರದ ಅರ್ಜಿಗಳೂ ನಿಯಮಗಳೂ ಮರಾಠಿಯಲ್ಲಿ, ಬ್ಯಾಂಕಿನ ಕರಾರುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಗಡಿನಾಡಿನ ರೈತ ಎರಡನ್ನೂ ಮತ್ತೊಬ್ಬನ ಕಣ್ಣಿನಿಂದ ಓದಬೇಕು. ಆ ಕಣ್ಣಿಗೆ ಬಾಡಿಗೆಯುಂಟು.

7. ಸಸಿಯ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ಪಾಠ ಬಂದುದು ದಾಳಿಂಬೆಯಿಂದ. 2000ದ ನಂತರದ ವರ್ಷಗಳಲ್ಲಿ ಸೊಲ್ಲಾಪುರದಿಂದ ವಿಜಾಪುರ, ಬಾಗಲಕೋಟೆ, ಕೊಪ್ಪಳಗಳ ವರೆಗೆ ದುಂಡಾಣು ಅಂಗಮಾರಿ ರೋಗ ಹಬ್ಬಿ, ತುಂಬಿ ನಿಂತಿದ್ದ ತೋಟಗಳನ್ನು ರೈತರೇ ಕಿತ್ತು ಸುಡುವಂತಾಯಿತು. ಎಲೆಯಲ್ಲಿ ಚುಕ್ಕೆ, ಕಾಂಡದಲ್ಲಿ ಬಿರುಕು, ಕೊನೆಗೆ ಹಣ್ಣೇ ಸೀಳಿ ಹೋಗುವ ಈ ರೋಗ ಮಳೆಹನಿಯಿಂದಲೂ ಸವರುವ ಕತ್ತರಿಯಿಂದಲೂ ಹರಡುತ್ತದೆ. ದೂರದ ಊರಿಗೆ ಅದು ಪ್ರಯಾಣ ಮಾಡುವುದು ಮುಖ್ಯವಾಗಿ ಸಸಿಯ ಮೂಲಕ. ದಾಳಿಂಬೆಯನ್ನು ಗೂಟಿ ಕಟ್ಟಿ ಬೆಳೆಸುತ್ತಾರೆ; ತಾಯಿಗಿಡದಲ್ಲಿ ರೋಗವಿದ್ದರೆ ಮರಿಯಲ್ಲೂ ಅದು ಅವಿತಿರುತ್ತದೆ. ಗಡಿಯಾಚೆಗಿನ ತೋಟದಿಂದ ಲಾರಿಯಲ್ಲಿ ಬಂದ ಸಸಿಗೆ ಕನ್ನಡ ಮರಾಠಿಯ ಭೇದವಿರಲಿಲ್ಲ, ರೋಗಕ್ಕೂ ಇರಲಿಲ್ಲ.

ರೋಗಕ್ಕೆ ಸಹಾಯಧನವೇ ಕಾರಣವೆನ್ನುವುದು ಸರಿಯಲ್ಲ. ಆದರೆ ಇಷ್ಟು ಹೆಕ್ಟೇರು ಇಷ್ಟು ತಿಂಗಳಲ್ಲಿ ನೆಡಬೇಕೆಂಬ ಗುರಿ ಇರುವಲ್ಲಿ ಸಸಿಗೆ ಒಮ್ಮೆಲೇ ಬೇಡಿಕೆ ಏರುತ್ತದೆ. ಬೇಡಿಕೆ ಏರಿದಾಗ ತಾಯಿಗಿಡದ ಕುಲಗೋತ್ರವನ್ನು ಕೇಳುವವರು ಕಡಿಮೆ. ಹೆಕ್ಟೇರನ್ನು ಎಣಿಸುವುದು ಸುಲಭ, ಸಸಿಯ ಆರೋಗ್ಯವನ್ನು ಎಣಿಸುವುದು ಕಷ್ಟ. ಮರಿಗೌಡರ ಕಾಲದ ಸರಕಾರಿ ನರ್ಸರಿಯ ಬೆಲೆ ಅರಿವಾಗುವುದು ಇಲ್ಲಿ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 1,765.67 ಕೋಟಿ ರೂಪಾಯಿಗಳ ‘ಶುದ್ಧ ಸಸಿ’ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ರೋಗಮುಕ್ತ ತಾಯಿಗಿಡಗಳನ್ನು ಬೆಳೆಸಿ ನರ್ಸರಿಗಳಿಗೆ ಒದಗಿಸುವ ಒಂಬತ್ತು ಕೇಂದ್ರಗಳು ಅದರ ಯೋಜನೆಯಲ್ಲಿವೆ. ಗುರುತಿಸಬೇಕಾದ ಕೊರತೆಯನ್ನು ತಡವಾಗಿಯಾದರೂ ಗುರುತಿಸಲಾಗಿದೆ.

8. ಉಪಸಂಹಾರ

ಸಾಲ, ಸಸಿ, ಕೂಲಿ, ಸಹಾಯಧನ ಎಂಬ ನಾಲ್ಕು ರೂಪಗಳಲ್ಲಿ ಸರಕಾರದ ನೆರವು ತೋಟಕ್ಕೆ ಬಂದುದನ್ನು ಈ ವರೆಗೆ ನೋಡಿದಂತಾಯಿತು. ಸಾಲ ಕಾಲವನ್ನು ಅರಿಯಲಿಲ್ಲ. ಅರಿಯುವಷ್ಟರಲ್ಲಿ ಎಂಬತ್ತು ವರ್ಷಗಳಾಗಿದ್ದುವು. ಸಸಿ ಜಾತಿಯನ್ನು ಖಚಿತಪಡಿಸಿತು, ನೀರನ್ನು ತರಲಿಲ್ಲ. ಕೂಲಿ ಹಸಿವಿನ ವರ್ಷಗಳನ್ನು ದಾಟಿಸಿತು, ಆಮೇಲಿನ ವರ್ಷಗಳನ್ನು ಮಳೆಗೆ ಬಿಟ್ಟಿತು. ಸಹಾಯಧನ ಬದುಕಿದ ಗಿಡವನ್ನು ಎಣಿಸಲು ಕಲಿಯಿತು, ಆದರೆ ಹಕ್ಕುಪತ್ರವಿಲ್ಲದವನನ್ನು ಎಣಿಸಲಿಲ್ಲ. ಈ ನಾಲ್ಕರಲ್ಲಿ ಯಾವುದೂ ವ್ಯರ್ಥವಲ್ಲ. ಒಂದೊಂದೂ ಒಂಟಿಯಾಗಿ ಸಾಲದು.

ಮುಂಬಯಿಯ ಕನ್ನಡ ವಿದ್ವಾಂಸರಿಗೆ ಈ ವಿಷಯದಲ್ಲಿ ಎರಡು ಕೆಲಸಗಳು ಕೈಗೆಟುಕುವಂತಿವೆ. ಒಂದು ಸಂಶೋಧನೆಯದು: ಫೋರ್ಟಿನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮುಂಬಯಿ ಇಲಾಖೆಯ ಕಂದಾಯದ ಕಡತಗಳಿವೆ. ಕನ್ನಡ ಜಿಲ್ಲೆಗಳ ಕೃಷಿಯ ಇತಿಹಾಸವನ್ನು ಬರೆಯುವವರು ಬೆಂಗಳೂರಿಗಷ್ಟೇ ಹೋದರೆ ಸಾಲದು. ಇಲ್ಲಿಗೂ ಬರಬೇಕು, ಅಥವಾ ಇಲ್ಲಿರುವವರು ಅದನ್ನು ಓದಿ ಕೊಡಬೇಕು. ಎರಡನೆಯದು ಭಾಷೆಯದು: ತೋಟಗಾರಿಕೆಯ ನಿಯಮಗಳನ್ನೂ ಬ್ಯಾಂಕಿನ ಕರಾರಿನ ಮುಖ್ಯಾಂಶಗಳನ್ನೂ ಅಕ್ಕಲಕೋಟೆ, ಜತ್ತಗಳ ಒಕ್ಕಲಿಗ ಓದಬಲ್ಲ ಕನ್ನಡದಲ್ಲಿ ತಂದಿಡುವುದು. ಮರಾಠಿ, ಇಂಗ್ಲಿಷು, ಕನ್ನಡ ಮೂರನ್ನೂ ಬಲ್ಲವರು, ಬ್ಯಾಂಕು ಕಚೇರಿಗಳ ನುಡಿಗಟ್ಟನ್ನು ದಿನನಿತ್ಯ ಬಳಸುವವರು ಈ ನಗರದಲ್ಲಿರುವಷ್ಟು ಬೇರೆಡೆ ಇರಲಾರರು.

ಕೆರೆಗೊಡಗಿಯನ್ನು ಕೊಟ್ಟವರು ತಿಳಿದಿದ್ದ ಸತ್ಯ ಸರಳವಾದುದು: ಕಟ್ಟಿಸಿದವನಿಗೆ ಕೀರ್ತಿ ಸಾಕು, ಕಾಯುವವನಿಗೆ ಹೊಲ ಬೇಕು. ಸಹಾಯಧನದ ಲೆಕ್ಕದಲ್ಲಿ ನೆಟ್ಟ ದಿನಕ್ಕಿಂತ ಕಾಯ್ದ ವರ್ಷಗಳಿಗೆ ಹೆಚ್ಚಿನ ಬೆಲೆ ಬಂದ ದಿನ, ಫೋರ್ಟಿನ ಕಚೇರಿಗೂ ಜತ್ತದ ತೋಟಕ್ಕೂ ನಡುವಿನ ದಾರಿ ಅಷ್ಟು ದೂರವೆನಿಸದು.